ಡಿಗ್ರಿ ಮುಗಿದ ಮೇಲೆ ನರ್ಸಿಂಗ್: ಮೊದಲು ಪಿಯುಸಿ ಅಂಕಪಟ್ಟಿ ತೆಗೆಯಿರಿ

"ಬಿ.ಎಸ್ಸಿ ಆಗೇತ್ರಿ ಅಕ್ಕಾರ, ಇನ್ನ ಎರಡು ವರ್ಷ ಎಂ.ಎಸ್ಸಿ ನರ್ಸಿಂಗ್ ಮಾಡಿದ್ರ ಆತಲ್ರಿ?"

ವಿಜಯಪುರ, ಬಾಗಲಕೋಟೆ ಕಡೆ ಡಿಗ್ರಿ ಮುಗಿಸಿದವರು ನರ್ಸಿಂಗ್ ಬಗ್ಗೆ ವಿಚಾರಿಸುವಾಗ ಕೇಳುವ ಮೊದಲ ಪ್ರಶ್ನೆ ಇದೇ. ಆಗಲ್ಲ. ಎಂ.ಎಸ್ಸಿ ನರ್ಸಿಂಗ್‌ಗೆ ಬಿ.ಎಸ್ಸಿ ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ ನರ್ಸಿಂಗ್ ಆಗಿರಬೇಕು, ನೋಂದಾಯಿತ ನರ್ಸ್ ಆಗಿರಬೇಕು, ಶೇ. 55 ಅಂಕ ಇರಬೇಕು, ಒಂದು ವರ್ಷ ಕೆಲಸ ಮಾಡಿರಬೇಕು. ಝೂವಾಲಜಿ, ಕೆಮಿಸ್ಟ್ರಿಯ ಬಿ.ಎಸ್ಸಿ ಅಲ್ಲಿ ನಡೆಯುವುದಿಲ್ಲ. ಎರಡು ವರ್ಷದ ಪೋಸ್ಟ್ ಬೇಸಿಕ್ ಕೂಡ ಹಾಗೇ, ಅದು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ನೋಂದಣಿ ಆದವರಿಗೆ ಮಾತ್ರ.

ಮತ್ತೆ ಯೂಟ್ಯೂಬಿನಲ್ಲಿ "ಯಾವ ಡಿಗ್ರಿ ಆದರೂ ಸರಿ, 16 ತಿಂಗಳಲ್ಲಿ ನರ್ಸ್ ಆಗಿ" ಅಂತ ಹೇಳ್ತಾರಲ್ಲ? ಅದು ಅಮೆರಿಕದ ಮಾತು. ಅಲ್ಲಿ ಬೇರೆ ವಿಷಯದಲ್ಲಿ ಡಿಗ್ರಿ ಆದವರಿಗೆ ಆ್ಯಕ್ಸಿಲರೇಟೆಡ್ ಬಿಎಸ್‌ಎನ್ ಎನ್ನುವ ಕೋರ್ಸ್ ಇದೆ, 11ರಿಂದ 18 ತಿಂಗಳದ್ದು. ನಮ್ಮ ದೇಶದಲ್ಲಿ ಅಂಥ ಅಡ್ಡದಾರಿ ಇಲ್ಲ. ನಿಮ್ಮ ಡಿಗ್ರಿಯಿಂದ ಇಲ್ಲಿ ಒಂದು ಸೆಮಿಸ್ಟರ್ ಕೂಡ ಕಡಿಮೆ ಆಗುವುದಿಲ್ಲ. ಯಾರಾದರೂ ಆಗುತ್ತದೆ ಅಂದರೆ ಅವರು ಏಜೆಂಟ್ ಇರಬೇಕು.

ಹಾಗಂತ ದಾರಿ ಮುಚ್ಚಿಲ್ಲ. ಆದರೆ ನಿಮ್ಮ ದಾರಿ ಯಾವುದು ಅಂತ ಹೇಳುವುದು ಡಿಗ್ರಿ ಸರ್ಟಿಫಿಕೇಟ್ ಅಲ್ಲ, ಪಿಯುಸಿ ಅಂಕಪಟ್ಟಿ ಮತ್ತು ನಿಮ್ಮ ಹುಟ್ಟಿದ ದಿನಾಂಕ. ಅಲ್ಲಿಂದಲೇ ಶುರು ಮಾಡೋಣ.

1. ಪಿಯುಸಿ ಅಂಕ ಕೂಡಿಸಿ

ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಈ ಮೂರನ್ನು ಮಾತ್ರ ಕೂಡಿಸಿ. ಗಣಿತ, ಕನ್ನಡ ಬಿಡಿ. ಇಂಗ್ಲಿಷ್ ಪಾಸಾಗಿದ್ದರೆ ಸಾಕು. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ನಾಲ್ಕು ವರ್ಷದ ಬಿ.ಎಸ್ಸಿ ನರ್ಸಿಂಗ್‌ಗೆ ಈ ಮೂರು ವಿಷಯ ಸೇರಿ ಶೇ. 45 ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40.

ಉದಾಹರಣೆಗೆ 41, 38, 50 ಬಂದಿದೆ ಅನ್ನಿ. ಒಟ್ಟು 129, ಅಂದರೆ ಶೇ. 43. ಸಾಮಾನ್ಯ ವರ್ಗದವರಿಗೆ ಬಿ.ಎಸ್ಸಿ ಬಾಗಿಲು ಇಲ್ಲಿಗೇ ಬಂದ್. ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ತೆರೆದಿದೆ. ಆಮೇಲೆ ಡಿಗ್ರಿಯಲ್ಲಿ ಝೂವಾಲಜಿಗೆ 80 ಬಂದಿದ್ದರೂ ಯಾರೂ ನೋಡುವುದಿಲ್ಲ. ಇದು ಅನ್ಯಾಯ ಅಂತ ನನಗೂ ಅನಿಸುತ್ತದೆ. ಆದರೆ ಅಡ್ಮಿಷನ್ ಕೌಂಟರಿನಲ್ಲಿ ವಾದ ಮಾಡಿ ಉಪಯೋಗ ಇಲ್ಲ.

ಪಿಯುಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತಗೊಂಡಿದ್ದವರು, ಕಲಾ ವಿಭಾಗದವರು, ಕಾಮರ್ಸ್‌ನವರು ನೇರವಾಗಿ ಬಿ.ಎಸ್ಸಿ ನರ್ಸಿಂಗ್ ಸೇರಲು ಬರುವುದಿಲ್ಲ. ಅವರಿಗೆ ಎರಡು ದಾರಿ. ಒಂದು ಜಿಎನ್‌ಎಂ. ಇನ್ನೊಂದು, ರಾಷ್ಟ್ರೀಯ ಮುಕ್ತ ಶಾಲೆ ಅಂದರೆ ಎನ್‌ಐಒಎಸ್ ಮೂಲಕ ವಿಜ್ಞಾನ ವಿಷಯ ಮತ್ತು ಇಂಗ್ಲಿಷ್ ತಗೊಂಡು 12ನೇ ತರಗತಿ ಬರೆಯುವುದು. ಇದನ್ನು ನರ್ಸಿಂಗ್ ಕೌನ್ಸಿಲ್ ಒಪ್ಪುತ್ತದೆ. ಆದರೆ ಪ್ರಾಕ್ಟಿಕಲ್ ಸೇರಿ ಓದಿ ಪಾಸಾಗಲು ಸಾಕಷ್ಟು ಸಮಯ ಹೋಗುತ್ತದೆ. ಅದಕ್ಕೆ ಫೀ ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ಕಾಲೇಜಿನಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅರ್ಹತಾ ಪತ್ರ ಸಿಗುತ್ತದೆಯೇ ಅಂತ ಕೇಳಿ. ಬಾಯಿಮಾತಲ್ಲ, ಬರಹದಲ್ಲಿ.

2. ವಯಸ್ಸಿನ ಲೆಕ್ಕ

ಬಿ.ಎಸ್ಸಿ ನರ್ಸಿಂಗ್‌ಗೂ ಜಿಎನ್‌ಎಂಗೂ ಮೇಲಿನ ವಯಸ್ಸು 35. "ಹಂಗಾದ್ರ ಟೈಮ್ ಐತಿ" ಅಂತ ಕೂರಬೇಡಿ. ಸೇರುವ ವಯಸ್ಸಿಗಿಂತ ಮುಗಿಸುವ ವಯಸ್ಸು ಮುಖ್ಯ.

ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಪರೀಕ್ಷೆ ಇದೆ. ಮೂಲ ವೇತನ 44,900ರಿಂದ ಶುರು, ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. ಅಲ್ಲಿ ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 30. ಒಬಿಸಿಯವರಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ. 21ಕ್ಕೆ ಡಿಗ್ರಿ ಮುಗಿಸಿ ತಕ್ಷಣ ಬಿ.ಎಸ್ಸಿ ನರ್ಸಿಂಗ್ ಸೇರಿದರೆ 25ಕ್ಕೆ ಕೈಯಲ್ಲಿ ರಿಜಿಸ್ಟ್ರೇಷನ್ ಇರುತ್ತದೆ, ಪರೀಕ್ಷೆಗೆ ನಾಲ್ಕೈದು ವರ್ಷ ಸಿಗುತ್ತದೆ. ಅದೇ 27ಕ್ಕೆ ಸೇರಿದರೆ ಮುಗಿಯುವಾಗ 31. ಸಾಮಾನ್ಯ ವರ್ಗದವರಿಗೆ ಏಮ್ಸ್ ಕೈಬಿಟ್ಟಿತು. ಖಾಸಗಿ ಆಸ್ಪತ್ರೆ, ಹೊರದೇಶ, ರಾಜ್ಯ ಸರ್ಕಾರದ ಹುದ್ದೆ ಉಳಿಯುತ್ತವೆ. ಯಾವುದಕ್ಕಾಗಿ ಓದುತ್ತಿದ್ದೀರಿ ಅನ್ನುವುದನ್ನು ಈಗಲೇ ಒಂದು ಹಾಳೆ ಮೇಲೆ ಬರೆದುಕೊಳ್ಳಿ.

3. ಬಿ.ಎಸ್ಸಿಯೋ ಜಿಎನ್‌ಎಂಯೋ

ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಕೊನೆಯಲ್ಲಿ ಇಂಟರ್ನ್‌ಶಿಪ್. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಪಿಯುಸಿ ಯಾವ ವಿಭಾಗ ಆದರೂ ನಡೆಯುತ್ತದೆ, ಶೇ. 40 ಅಂಕ ಮತ್ತು ಇಂಗ್ಲಿಷ್ ಇರಬೇಕು. ಎರಡೂ ಮುಗಿದ ಮೇಲೆ ಸಿಗುವ ನೋಂದಣಿ ಒಂದೇ: ಆರ್‌ಎನ್, ಆರ್‌ಎಂ, ಅಂದರೆ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಸೂಲಗಿತ್ತಿ. ವಾರ್ಡಿನಲ್ಲಿ ಇಬ್ಬರೂ ಹಾಕುವ ಇಂಜೆಕ್ಷನ್ ಒಂದೇ. ವ್ಯತ್ಯಾಸ ಕಾಣುವುದು ಆಮೇಲೆ. ನಾರ್ಸೆಟ್‌ಗೆ ಬಿ.ಎಸ್ಸಿಯವರು ಮುಗಿಸಿದ ಕೂಡಲೇ ಅರ್ಜಿ ಹಾಕಬಹುದು, ಜಿಎನ್‌ಎಂನವರು 50 ಹಾಸಿಗೆಗಿಂತ ಕಡಿಮೆ ಇಲ್ಲದ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿರಬೇಕು. ಎಂ.ಎಸ್ಸಿ ಮಾಡಬೇಕು, ಕಾಲೇಜಿನಲ್ಲಿ ಕಲಿಸಬೇಕು ಅಂದರೆ ಜಿಎನ್‌ಎಂನವರು ಮತ್ತೆ ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಬೇಕು. ಮೂರು, ಎರಡು, ಒಟ್ಟು ಐದು ವರ್ಷ.

ನನ್ನ ಮಾತು ಇಷ್ಟು. ವಿಜ್ಞಾನ ಓದಿದ್ದೀರಿ, ವಯಸ್ಸು 25ರೊಳಗೆ ಇದೆ ಅಂದರೆ ಬಿ.ಎಸ್ಸಿ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಬಿ.ಎ., ಬಿ.ಕಾಂ. ಆದವರು, 25 ದಾಟಿದವರು, ಮನೆಗೆ ಬೇಗ ದುಡ್ಡು ಬರಬೇಕು ಅನ್ನುವವರು ಜಿಎನ್‌ಎಂ ಸೇರಿ. ಕೆಲಸಕ್ಕೆ ಸೇರಿ ನಿಂತ ಮೇಲೆ ಪೋಸ್ಟ್ ಬೇಸಿಕ್ ನೋಡಿಕೊಳ್ಳಬಹುದು. ಎನ್‌ಐಒಎಸ್ ದಾರಿ 22, 23 ವಯಸ್ಸಿನವರಿಗೆ ಸರಿ. 28ಕ್ಕೆ ಮತ್ತೆ ಭೌತಶಾಸ್ತ್ರದ ಪ್ರಾಕ್ಟಿಕಲ್‌ಗೆ ಓಡಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಎಎನ್‌ಎಂ ಅಂತ ಎರಡು ವರ್ಷದ ಇನ್ನೊಂದು ಕೋರ್ಸ್ ಇದೆ, ಹೆಣ್ಣುಮಕ್ಕಳಿಗೆ. ಉಪಕೇಂದ್ರ, ಹಳ್ಳಿ, ತಾಯಿ ಮಕ್ಕಳ ಆರೋಗ್ಯದ ಕೆಲಸ. ಒಳ್ಳೆಯ ಕೆಲಸವೇ, ಆದರೆ ಅದರಿಂದ ಸ್ಟಾಫ್ ನರ್ಸ್ ಆಗುವುದಿಲ್ಲ. ಡಿಗ್ರಿ ಕೈಯಲ್ಲಿ ಇಟ್ಟುಕೊಂಡು ಇದಕ್ಕೆ ಹೋಗುವ ಮೊದಲು ಎರಡು ಸಲ ಯೋಚಿಸಿ.

4. ಫೀ ಕಟ್ಟುವ ಮೊದಲು ಒಂದು ರಾತ್ರಿ ವಾರ್ಡಿನಲ್ಲಿ ಇರಿ

ಇದನ್ನು ಯಾರೂ ಮಾಡುವುದಿಲ್ಲ, ಎಲ್ಲರೂ ಮಾಡಬೇಕು. ಪಿಯುಸಿ ಮುಗಿಸಿದ ಹುಡುಗಿಗೆ ಅಪ್ಪ ಅವ್ವ ಹೇಳಿದ್ದು ಸಾಕಾಗುತ್ತದೆ. ನೀವು ಒಂದು ಡಿಗ್ರಿ ಮುಗಿಸಿ ಬಂದವರು, ಇನ್ನೂ ಮೂರ್ನಾಲ್ಕು ವರ್ಷ ಹಾಕುವವರು. ನೋಡಿಯೇ ಒಪ್ಪಬೇಕು.

ಸಂಬಂಧಿಕರು ಯಾರಾದರೂ ದೊಡ್ಡ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರೆ ರಾತ್ರಿ ನೀವೇ ಉಳಿಯಿರಿ. ಮೊಬೈಲ್ ಬದಿಗಿಟ್ಟು ಸಿಸ್ಟರ್ ಏನು ಮಾಡುತ್ತಾರೆ ನೋಡಿ. ನಸುಕಿನಲ್ಲಿ, ನಿಮಗೆ ಗಾಢ ನಿದ್ದೆ ಹತ್ತುವ ಹೊತ್ತಿಗೆ, ಅವರು ಮೂತ್ರದ ಚೀಲದ ತುದಿ ಬಿಚ್ಚಿ ಅಳತೆ ಜಗ್ಗಿಗೆ ಬಿಟ್ಟು, ಎಷ್ಟು ಮಿಲಿ ಅಂತ ಬೆಳಕಿಗೆ ಹಿಡಿದು ನೋಡಿ, ಚಾರ್ಟಿನಲ್ಲಿ ಬರೆಯುತ್ತಾರೆ. ಆ ಕಡೆ ಬೆಡ್ಡಿನಿಂದ "ಸಿಸ್ಟರ್, ಸಲೈನ್ ಮುಗೀತ್ರಿ" ಅನ್ನುವ ಕೂಗು. ಇನ್ನೊಬ್ಬರಿಗೆ ಬೆಡ್‌ಪ್ಯಾನ್. ಬೆಳಗ್ಗೆ ಡಾಕ್ಟರ್ ರೌಂಡ್ಸ್ ಬರುವುದರೊಳಗೆ ಬಿಪಿ, ಟೆಂಪರೇಚರ್, ರಕ್ತದ ಸ್ಯಾಂಪಲ್ ಎಲ್ಲ ಆಗಿರಬೇಕು. ಆಮೇಲೆ ಬೆಳಗಿನ ಶಿಫ್ಟಿನವರಿಗೆ ಒಂದೊಂದೇ ಬೆಡ್ ಹತ್ತಿರ ನಿಂತು ಹ್ಯಾಂಡ್ ಓವರ್. ಯಾರಿಗೆ ಯಾವ ಔಷಧಿ ಹೋಗಿದೆ, ಯಾವುದು ಬಾಕಿ, ಯಾರ ಜ್ವರ ಇಳಿದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಮುಂದಿನ ಶಿಫ್ಟಿನಲ್ಲಿ ಒಬ್ಬ ರೋಗಿಗೆ ತೊಂದರೆ.

ಇದನ್ನೆಲ್ಲ ನೋಡಿ "ನಾನೂ ಇದನ್ನ ಮಾಡಬಲ್ಲೆ" ಅನಿಸಿದರೆ ಮುಂದಕ್ಕೆ ಹೋಗಿ. ಅಸಹ್ಯ ಅನಿಸಿದರೆ ಹೆದರಬೇಡಿ, ಅದು ಅಭ್ಯಾಸ ಆಗುತ್ತದೆ. ಬೇಸರ ಅನಿಸಿದರೆ ಮಾತ್ರ ಹುಷಾರಾಗಿ. ಈ ಕೆಲಸದ ಬಹುಪಾಲು ಅದೇ.

ಭಾಷೆಯನ್ನೂ ಅಲ್ಲೇ ಗಮನಿಸಿ. ಬೆಳಗಾವಿ ಆಸ್ಪತ್ರೆಗಳಿಗೆ ಖಾನಾಪುರ, ನಿಪ್ಪಾಣಿ ಕಡೆಯಿಂದ ಬರುವ ಅಜ್ಜಿ ಮರಾಠಿಯಲ್ಲಿ "ಪೋಟಾತ್ ದುಖತಂಯ್", ಅಂದರೆ ಹೊಟ್ಟೆ ನೋಯುತ್ತಿದೆ, ಅಂತಾಳೆ. ವಿಜಯಪುರದಲ್ಲಿ ಉರ್ದು ಮಾತಾಡುವವರು ಜಾಸ್ತಿ. ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದ ಬಿ.ಎ. ಪದವೀಧರರಿಗೆ ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿ ಕಷ್ಟ. ಸೇರುವ ಮೊದಲಿನ ಎರಡು ತಿಂಗಳು ಪಿಯುಸಿ ಜೀವಶಾಸ್ತ್ರದ ಮಾನವ ದೇಹದ ಪಾಠಗಳನ್ನು ಇಂಗ್ಲಿಷಿನಲ್ಲಿ ಓದಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಇನ್ನೊಂದು ಮಾತು. ತರಗತಿಯಲ್ಲಿ ಪಕ್ಕದವಳಿಗೆ 18, ನಿಮಗೆ 24. ಪೋಸ್ಟಿಂಗ್‌ನಲ್ಲಿ ನಿಮ್ಮ ಪ್ರೊಸೀಜರ್ ಬುಕ್ಕಿಗೆ ಸಹಿ ಹಾಕುವ ಸೀನಿಯರ್ ಸಿಸ್ಟರ್ ನಿಮಗಿಂತ ಚಿಕ್ಕವರು ಇರಬಹುದು. ಅವರು ಬೈದರೆ ಬೈಸಿಕೊಳ್ಳಬೇಕು. ಡಿಗ್ರಿ ಆದವರು ಬಿಟ್ಟು ಹೋಗುವುದಕ್ಕೆ ಓದಿಗಿಂತ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ.

ಕೆಲಸ ಮಾಡುತ್ತಾ ಓದುತ್ತೇನೆ ಅನ್ನುವವರಿಗೆ: ಆಗುವುದಿಲ್ಲ. ಪರೀಕ್ಷೆಗೆ ಕೂರಲು ಶೇ. 80 ಹಾಜರಿ ಬೇಕು, ಪದವಿ ಸಿಗಬೇಕಾದರೆ ಕ್ಲಿನಿಕಲ್, ಅಂದರೆ ಆಸ್ಪತ್ರೆ ತರಬೇತಿಯ, ಹಾಜರಿ ಶೇ. 100 ಪೂರ್ತಿ ಆಗಿರಬೇಕು. ಮದುವೆ ಆದವರು, ಚಿಕ್ಕ ಮಕ್ಕಳಿರುವವರು ಈ ಲೆಕ್ಕವನ್ನು ಮನೆಯವರ ಮುಂದೆ ಕೂತು ಮಾಡಿ. ಬೆಳಗ್ಗೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಅತ್ತೆಯವರಿಗೆ ಹುಷಾರಿಲ್ಲದಿದ್ದರೆ ಯಾರು, ಎಲ್ಲ ಮೊದಲೇ ಮಾತಾಡಿ.

5. ಸೀಟು ಹುಡುಕುವುದು

ಕರ್ನಾಟಕದಲ್ಲಿ 2023ರಿಂದ ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಪರೀಕ್ಷಾ ಪ್ರಾಧಿಕಾರ ಸಿಇಟಿ ಮೂಲಕ ಹಂಚುತ್ತಿದೆ. ಡಿಗ್ರಿ ಆದವರೂ ಬರೆಯಬಹುದು. ಅರ್ಜಿ ವರ್ಷದ ಆರಂಭದಲ್ಲೇ ಬರುತ್ತದೆ, ಪರೀಕ್ಷೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ. ಡಿಗ್ರಿಯ ಕೊನೆ ಸೆಮಿಸ್ಟರ್ ಗಡಿಬಿಡಿಯಲ್ಲಿ ಇದನ್ನು ಮರೆತರೆ ಒಂದು ವರ್ಷ ಹೋಯಿತು. ಜಿಎನ್‌ಎಂ ಪರೀಕ್ಷೆಗಳನ್ನು ನಡೆಸುವುದು ಬೇರೆ ಸಂಸ್ಥೆ, ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಅದರ ಪ್ರಕಟಣೆಗಳನ್ನು ಬೇರೆಯಾಗಿಯೇ ನೋಡುತ್ತಿರಬೇಕು.

ನಮ್ಮ ಮೂರು ಜಿಲ್ಲೆಗಳಲ್ಲೇ ಸಾಕಷ್ಟು ಆಯ್ಕೆ ಇದೆ. ಬೆಳಗಾವಿಯಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್ ಇದೆ, ಕೆಎಲ್‌ಇ ನರ್ಸಿಂಗ್ ಕಾಲೇಜು ಇದೆ. ಕೆಎಲ್‌ಇಯದ್ದು ಡೀಮ್ಡ್ ವಿಶ್ವವಿದ್ಯಾಲಯ, ಹಾಗಾಗಿ ಪ್ರವೇಶ ಪ್ರಕ್ರಿಯೆ ಅವರದೇ, ಪದವಿ ಕೊಡುವವರೂ ಅವರೇ. ಬಾಗಲಕೋಟೆಯ ನವನಗರದಲ್ಲಿ ಬಿ.ವಿ.ವಿ. ಸಂಘದ ಸಜ್ಜಲಶ್ರೀ ನರ್ಸಿಂಗ್ ಕಾಲೇಜು, ಜೊತೆಗೆ ಅದೇ ಸಂಘದ ಕುಮಾರೇಶ್ವರ ಆಸ್ಪತ್ರೆ. ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಶ್ರೀ ಬಿ.ಎಂ. ಪಾಟೀಲ ನರ್ಸಿಂಗ್ ಕಾಲೇಜು. ಇವಲ್ಲದೆ ತಾಲೂಕು ಊರುಗಳಲ್ಲೂ ಬೋರ್ಡ್ ಹಾಕಿಕೊಂಡ ಕಾಲೇಜುಗಳಿವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಬರೀ ಬೋರ್ಡ್ ಇರುವವೂ ಇವೆ.

ಗುರುತಿಸುವುದು ಕಷ್ಟವೇನಲ್ಲ. ಕಾಲೇಜಿಗೆ ಹೋಗಿ "ನಿಮ್ಮ ಸ್ವಂತ ಆಸ್ಪತ್ರೆ ಯಾವುದು? ಎಷ್ಟು ಹಾಸಿಗೆ?" ಅಂತ ಕೇಳಿ. ಬಿ.ಎಸ್ಸಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮ. ಉತ್ತರ ಕೇಳಿ ಅಲ್ಲಿಗೇ ಬಿಡಬೇಡಿ, ಆ ಆಸ್ಪತ್ರೆಗೆ ಹೋಗಿ. ಹಾಸಿಗೆ ಇವೆ, ರೋಗಿಗಳಿಲ್ಲ ಅಂದರೆ ನೀವು ಕಲಿಯುವುದು ಯಾರ ಮೇಲೆ? ಗೇಟಿನಲ್ಲಿ ಮೂರನೇ ವರ್ಷದ ವಿದ್ಯಾರ್ಥಿ ಸಿಕ್ಕರೆ, ಎಷ್ಟು ಹೆರಿಗೆ ನೋಡಿದ್ದೀರಿ, ಕ್ಯಾನುಲಾ (ಸಲೈನ್ ಕೊಡಲು ರಕ್ತನಾಳಕ್ಕೆ ಚುಚ್ಚುವ ಸಣ್ಣ ನಳಿಕೆ) ಹಾಕಲು ಬಿಡ್ತಾರಾ ಅಂತ ಕೇಳಿ. ಪ್ರಿನ್ಸಿಪಾಲರಿಗಿಂತ ನಿಜವಾದ ಉತ್ತರ ಅಲ್ಲಿ ಸಿಗುತ್ತದೆ.

ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಟ್ಟಿಯಲ್ಲಿ ಈ ವರ್ಷಕ್ಕೆ ಹೆಸರು ಇದೆಯೇ, ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ, ಈ ಎರಡನ್ನೂ ನೋಡಿ. ಮುಂದೆ ಬೇರೆ ರಾಜ್ಯಕ್ಕೆ, ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯನ್ನೂ ನೋಡಿ.

"ನಾನ್ ಅಟೆಂಡಿಂಗ್" ಅನ್ನುವ ಮಾತು ಕಿವಿಗೆ ಬಿದ್ದರೆ ಎದ್ದು ಬನ್ನಿ. ದುಡ್ಡು ಕಟ್ಟಿ, ಪರೀಕ್ಷೆಗೆ ಮಾತ್ರ ಬನ್ನಿ, ಹಾಜರಿ ನಾವು ನೋಡಿಕೊಳ್ಳುತ್ತೇವೆ ಅನ್ನುವ ವ್ಯವಹಾರ ಅದು. ಡಿಗ್ರಿ ಆಗಿ ಕೆಲಸದಲ್ಲಿರುವವರನ್ನೇ ಏಜೆಂಟರು ಇದಕ್ಕೆ ಹುಡುಕುತ್ತಾರೆ. ಕ್ಯಾನುಲಾ ಹಾಕಲು ಬಾರದ ನರ್ಸನ್ನು ಆಸ್ಪತ್ರೆಯವರು ಮೊದಲ ವಾರದಲ್ಲೇ ಕಂಡುಹಿಡಿಯುತ್ತಾರೆ, ಅದಕ್ಕಿಂತ ಮೊದಲು ಯಾವುದೋ ರೋಗಿಯ ಕೈ ಊದಿರುತ್ತದೆ.

6. ದುಡ್ಡು

ಇಲ್ಲಿ ಡಿಗ್ರಿ ಆದವರಿಗೆ ಒಂದು ಪೆಟ್ಟಿದೆ. ಕೇಂದ್ರದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ನಿಯಮದಲ್ಲಿ, ಒಂದು ಹಂತದ ಓದು ಮುಗಿಸಿ ಅದೇ ಹಂತದ ಇನ್ನೊಂದು ಕೋರ್ಸ್ ಸೇರಿದವರಿಗೆ, ಅಂದರೆ ಬಿ.ಎ. ಆದ ಮೇಲೆ ಬಿ.ಕಾಂ. ಮಾಡುವಂಥವರಿಗೆ, ಹಣ ಇಲ್ಲ ಅಂತ ಇದೆ. ಎರಡನೇ ಡಿಗ್ರಿಗೆ ಸ್ಕಾಲರ್‌ಶಿಪ್ ಬರುತ್ತದೆ ಅಂತ ನಂಬಿ ಬಜೆಟ್ ಮಾಡಬೇಡಿ. ನಿಮ್ಮ ತಾಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಚೇರಿಯಲ್ಲಿ ನಿಮ್ಮ ಪ್ರಕರಣ ಹೇಳಿ ಕೇಳಿ.

ಬ್ಯಾಂಕ್ ಸಾಲ ಸಿಗುತ್ತದೆ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, 7.5 ಲಕ್ಷದವರೆಗೆ ಆಸ್ತಿ ಅಡವಿಡದೆ ಶಿಕ್ಷಣ ಸಾಲ ಕೊಡುವ ವ್ಯವಸ್ಥೆ ಇದೆ. ಮ್ಯಾನೇಜ್‌ಮೆಂಟ್ ಸೀಟಿಗೆ ಮ್ಯಾನೇಜರ್ ತಕರಾರು ತೆಗೆಯಬಹುದು, ಸೀಟು ಬುಕ್ ಮಾಡುವ ಮೊದಲೇ ಬ್ಯಾಂಕಿಗೆ ಹೋಗಿ ಬನ್ನಿ. ಕಾಲೇಜಿನಲ್ಲಿ ಟ್ಯೂಷನ್ ಫೀ ಒಂದನ್ನೇ ಕೇಳಿ ಬರಬೇಡಿ. ಹಾಸ್ಟೆಲ್, ಯೂನಿಫಾರ್ಮ್, ಪೋಸ್ಟಿಂಗ್ ಬಸ್ಸು, ಪರೀಕ್ಷಾ ಶುಲ್ಕ, ಎಲ್ಲ ಸೇರಿ ಪೂರ್ತಿ ಕೋರ್ಸಿಗೆ ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

7. ಡಿಗ್ರಿಗೆ ಬೆಲೆ ಇರುವ ಕಡೆ

ಅಮೆರಿಕದ ಆ್ಯಕ್ಸಿಲರೇಟೆಡ್ ಕೋರ್ಸ್ ಬಗ್ಗೆ ಮೇಲೆ ಹೇಳಿದೆ. ಅಲ್ಲಿಗೆ ಸೇರಲು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಸ್ಟಾಟಿಸ್ಟಿಕ್ಸ್ ಮೊದಲೇ ಓದಿರಬೇಕು ಅಂತ ಹೆಚ್ಚಿನ ಕಾಲೇಜುಗಳು ಕೇಳುತ್ತವೆ. ನಮ್ಮ ಮೂರು ವರ್ಷದ ಡಿಗ್ರಿಯನ್ನು ಎಲ್ಲ ಕಡೆ ಪೂರ್ಣ ಬ್ಯಾಚುಲರ್ ಅಂತ ಒಪ್ಪುವುದಿಲ್ಲ. ಖರ್ಚು ಹತ್ತಾರು ಸಾವಿರ ಡಾಲರ್. ಎನ್‌ಕ್ಲೆಕ್ಸ್ ಎಂಬ ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾದ ಮೇಲೂ ಕೆಲಸದ ವೀಸಾ ಸಲೀಸಿಲ್ಲ: ಸಾಮಾನ್ಯ ಸ್ಟಾಫ್ ನರ್ಸ್ ಕೆಲಸ ಹೆಚ್ಚಾಗಿ ಎಚ್-1ಬಿ ಎಂಬ ಕೆಲಸದ ವೀಸಾ ಅಡಿ ಬರುವುದಿಲ್ಲ, ಗ್ರೀನ್ ಕಾರ್ಡಿಗೆ ಭಾರತೀಯರ ಸರದಿ ಬಹಳ ಉದ್ದ. ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಬೇರೆ ವಿಷಯದ ಪದವೀಧರರಿಗೆ ಎರಡು ವರ್ಷದ ಸ್ನಾತಕೋತ್ತರ ನರ್ಸಿಂಗ್ ಕೋರ್ಸ್‌ಗಳಿವೆ. ಖರ್ಚು ಅಲ್ಲೂ ದೊಡ್ಡದೇ.

ಹೊಲ ಮಾರಿ ಹೀಗೆ ಹೋಗುವುದಕ್ಕಿಂತ ಇಲ್ಲೇ ಬಿ.ಎಸ್ಸಿ ನರ್ಸಿಂಗ್ ಮುಗಿಸಿ, ಒಳ್ಳೆಯ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು, ಆಮೇಲೆ ಗಲ್ಫ್, ಬ್ರಿಟನ್, ಜರ್ಮನಿ ನೋಡುವುದು ಲೇಸು. ಗಲ್ಫ್‌ಗೆ ಅನುಭವ ಕೇಳುತ್ತಾರೆ, ಬ್ರಿಟನ್‌ಗೆ ಇಂಗ್ಲಿಷ್ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ. ನಾಲ್ಕು ವರ್ಷ ಓದುವಾಗಲೇ ಒಂದು ಭಾಷೆ ಕಲಿತಿಟ್ಟುಕೊಂಡರೆ ಕೈಗೆ ಬರುತ್ತದೆ.

ಆಸ್ಪತ್ರೆಯಲ್ಲಿ ಕೆಲಸ ಬೇಕು, ನರ್ಸೇ ಆಗಬೇಕಂತಿಲ್ಲ ಅನ್ನುವವರಿಗೆ ಡಿಗ್ರಿ ಇಲ್ಲೇ ಕೆಲಸಕ್ಕೆ ಬರುತ್ತದೆ. ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ, ಸಾರ್ವಜನಿಕ ಆರೋಗ್ಯದ ಎಂಪಿಎಚ್, ಬಿ.ಎ. ಆದವರಿಗೆ ಎಂಎಸ್‌ಡಬ್ಲ್ಯೂ ಮಾಡಿ ವೈದ್ಯಕೀಯ ಸಮಾಜ ಕಾರ್ಯಕರ್ತರ ಕೆಲಸ, ಎಲ್ಲ ಎರಡು ವರ್ಷದವು. ರಾತ್ರಿ ಶಿಫ್ಟ್ ಬೇಡ ಅನ್ನುವವರು ಇವನ್ನು ನೋಡಿ.

8. ಕಾಗದಪತ್ರ

ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ, ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ, ವೈದ್ಯಕೀಯ ಫಿಟ್‌ನೆಸ್. ಟಿಸಿ ಪಿಯು ಕಾಲೇಜಿನದ್ದಲ್ಲ, ಕೊನೆಗೆ ಓದಿದ ಡಿಗ್ರಿ ಕಾಲೇಜಿನದ್ದು. ಓದಿಗೆ ಬಿಡುವು ಬಿದ್ದಿದ್ದರೆ ನೋಟರಿ ಹತ್ತಿರ ಗ್ಯಾಪ್ ಅಫಿಡವಿಟ್. ಮೈಗ್ರೇಷನ್ ಸರ್ಟಿಫಿಕೇಟನ್ನು ಹೆಚ್ಚಿನವರು ಕೊನೆಗೆ ಇಡುತ್ತಾರೆ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಮ್ಮ ಡಿಗ್ರಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದೋ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ್ದೋ ಆಗಿದ್ದರೆ, ನರ್ಸಿಂಗ್ ಬೇರೆ ವಿಶ್ವವಿದ್ಯಾಲಯದ ಅಡಿ ಬರುವುದರಿಂದ ಅದನ್ನು ಕೇಳಿಯೇ ಕೇಳುತ್ತಾರೆ. ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿ.

ಮೂಲ ಅಂಕಪಟ್ಟಿ ತೋರಿಸಿ ವಾಪಸ್ ತಗೊಳ್ಳಿ. "ಕೋರ್ಸ್ ಮುಗಿಯುವವರೆಗೆ ನಮ್ಮಲ್ಲೇ ಇರಲಿ" ಅಂದರೆ, ಡಿಗ್ರಿ ಅರ್ಹತೆಯ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದ್ದೀನಿ, ದಾಖಲೆ ಪರಿಶೀಲನೆಗೆ ಬೇಕು ಅಂತ ಹೇಳಿ. ನಿಜವಾಗಿಯೂ ಹಾಕಿರಿ ಕೂಡ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ನಿಮ್ಮ ಹಳೆಯ ಡಿಗ್ರಿ ಇವತ್ತಿಗೂ ನಡೆಯುತ್ತದೆ.